ಕಾಗೆ ಉಪದೇಶಿಯ ಕಾಗುಣಿತ

"ಮೂರು ಟಿಕೆಟ್," ಎಂದ ಪಂಡಿತ, ಮಾತು ಅಷ್ಟಕ್ಕೇ ಮುಗಿಯಲಿ ಎಂದು ಒಳಗೊಳಗೇ ಬೇಡಿಕೊಂಡ. ಮುಗಿಯಲಿಲ್ಲ. ಎಲ್ಲಿಗೆ ಎಂದು ಕೇಳದೆ ಟಿಕೆಟ್ಟು ಹರಿದುಕೊಡುವ ಕಂಡಕ್ಟರು ಇನ್ನೂ ಹುಟ್ಟಿರಲಿಲ್ಲ. "ಎಲ್ಲಿಗೆ ಸ್ವಾಮಿ?" ಎಂದು ಇವನೂ ಕಿವಿಯ ಸಂದಿಯಿಂದ ಪೆನ್ನು ತೆಗೆದ. ಹೋಗಬೇಕಾದ ಊರು ಯಾವುದೆಂದು ಪಂಡಿತನಿಗೆ ಗೊತ್ತಿಲ್ಲದೆ ಏನು? ಅದು ಮುತ್ತಾತನ ಊರು, ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಹೆಸರು. ಆದರೆ ಹಾಳಾದ್ದು, ಕಕಾರದಿಂದ ಶುರುವಾಗುವ ಹೆಸರು. ಕೊನೇ ಸ್ಟಾಪು ಎಂದು ಹೇಳಿ ಪಾರಾಗೋಣವೆಂದರೆ ಅದೂ ಕಕಾರ. ಹಿಂದೆ ನಿಂತವರು ಮುಂದೆ ತಳ್ಳುತ್ತಿದ್ದರು, ಬಸ್ಸು ಹೊರಡುವ ಮುಂಚಿನ ನಡುಕ ಸೀಟುಗಳಿಂದ ಹಲ್ಲಿನವರೆಗೂ ಏರುತ್ತಿತ್ತು. "ಬಸ್ಸು ಎಲ್ಲಿ ತಿರುಗುತ್ತೋ ಅಲ್ಲಿಗೆ," ಎಂದ. "ಬಸ್ಸು ತಿರುಗೋದು ಡಿಪೋದಲ್ಲಿ. ಅಲ್ಲಿ ಇಳಿದು ಬಸ್ಸು ತೊಳೀತೀರಾ?" ಎಂದ ಕಂಡಕ್ಟರು, ಸಿಟ್ಟಿನಿಂದಲ್ಲ, ಬೆಳಗಿನ ಹೊತ್ತು ನಾಲ್ಕು ಜನ ನಗಲಿ ಎಂದು. ಜನ ನಕ್ಕರು. ಮಗಳು ಕಿಟಕಿಯ ಪಕ್ಕದಿಂದ ಕತ್ತು ಹೊರಳಿಸಿ, ಬೇಸರದ ದನಿಯಲ್ಲಿ, ಊರ ಹೆಸರನ್ನು ನೀರು ಚೆಲ್ಲಿದಷ್ಟು ಸಲೀಸಾಗಿ ಹೇಳಿದಳು. ಪಂಡಿತ ಟಿಕೆಟ್ಟುಗಳನ್ನು ಜೇಬಿಗೆ ಸೇರಿಸಿಕೊಂಡು, ತಾನೂ ಒಂದಿಷ್ಟು ನಕ್ಕು ಕೂತ.

ಅವನಿಗೆ ಪಂಡಿತ ಎಂಬ ಹೆಸರು ಬಿದ್ದದ್ದು ಅಂಗಡಿಯಲ್ಲಿ. ಮಾರ್ಕೆಟ್ಟು ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಒತ್ತಿ ಕೂರಿಸಿದ ಹಾಗಿದ್ದ ಉದ್ದನೆಯ ಕೋಣೆ. ಅಲ್ಲಿ ಅವನು ಕನ್ನಡಕ ಮಾಡುತ್ತಿದ್ದ. ಬಾಯಿಬಿಟ್ಟು ಮಾತ್ರ ಕನ್ನಡಕ ಎನ್ನುತ್ತಿರಲಿಲ್ಲ, ಸುಲೋಚನ ಎನ್ನುತ್ತಿದ್ದ. ಕಣ್ಣು ಅಲ್ಲ, ನೇತ್ರ. ಕುರ್ಚಿ ಅಲ್ಲ, ಪೀಠ. "ಪೀಠಕ್ಕೆ ಒರಗಿ, ಎಡ ನೇತ್ರ ಮುಚ್ಚಿ, ಮೇಲಿನ ಸಾಲು ಓದಿ" ಎಂದು ಅವನು ಹೇಳಿದರೆ ಗಿರಾಕಿಗಳು ಪೂಜಾರಿಯ ಮುಂದೆ ಕೂತವರಂತೆ ಮೈ ಬಿಗಿಮಾಡಿಕೊಳ್ಳುತ್ತಿದ್ದರು. ಎಂಥ ಶುದ್ಧವಾದ ಮಾತು, ಓದಿಕೊಂಡವರು ಎಂದು ಹೊರಗೆ ಹೋಗಿ ಹೇಳುತ್ತಿದ್ದರು. ಎದುರಿನ ಗೋಡೆಯ ಅಕ್ಷರದ ಹಲಗೆಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಇದ್ದದ್ದೇ ಕ. ಅರ್ಧ ಕುರುಡರೂ ಅದನ್ನು ಸರಾಗವಾಗಿ ಓದಿಬಿಡುತ್ತಿದ್ದರು. ಇಡೀ ದಿನ ಒಬ್ಬರಾದ ಮೇಲೊಬ್ಬರು ಆ ಪೀಠದ ಮೇಲೆ ಕೂತು ಕ ಎಂದು ಹೇಳಿ ಎದ್ದು ಹೋಗುವಾಗ, ಪಂಡಿತ ಸೂಜಿಯಂಥ ಸ್ಕ್ರೂಡ್ರೈವರು ಹಿಡಿದುಕೊಂಡು ಅವರ ಬಾಯಿಯನ್ನೇ ನೋಡುತ್ತ ನಿಂತಿರುತ್ತಿದ್ದ. ಇದೇನು ದೊಡ್ಡ ಕೆಲಸವೇ ಅಲ್ಲ ಎಂಬಂತೆ ಹೇಳುತ್ತಾರಲ್ಲ ಇವರೆಲ್ಲ ಎಂದು ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಅವನು ಹೇಳಹೊರಟರೆ ನಾಲಗೆಯ ಬುಡ ಮೇಲೆದ್ದು ಗಂಟಲಿಗೆ ಅಗುಳಿ ಹಾಕಿಬಿಡುತ್ತಿತ್ತು. ಮಾತು ಒಳಗೆ, ಜನ ಹೊರಗೆ, ನಡುವೆ ಮುಚ್ಚಿದ ಬಾಗಿಲು. ಹೆಂಡತಿ ಇರುವವರೆಗೆ ಆ ಬಾಗಿಲನ್ನು ಹೊರಗಿನಿಂದ ಅವಳು ತೆಗೆಯುತ್ತಿದ್ದಳು. ಟಿಕೆಟ್ಟಿನ ಕೌಂಟರಿನಲ್ಲಿ, ಡಾಕ್ಟರ ಎದುರಿನಲ್ಲಿ, ಫೋನು ಬಂದಾಗ, ಅವನು ತಡವರಿಸುವ ಮುಂಚೆಯೇ "ಇರಿ, ನಾನ್ ಹೇಳ್ತೀನಿ" ಎಂದು ಮುಂದೆ ಬರುತ್ತಿದ್ದಳು. ಜನ ಅವಳನ್ನು ಬಾಯಿಬಡುಕಿ ಎಂದುಕೊಂಡರು. ಅವಳು ಅಂದುಕೊಳ್ಳಲಿ ಬಿಡಿ ಎಂಬಂತೆ ಇದ್ದುಬಿಟ್ಟಳು. ಮಗಳು ಹುಟ್ಟಿದಾಗ ಅಕಾರದ ಹೆಸರೇ ಬೇಕು ಎಂದು ಹಠ ಹಿಡಿದವಳೂ ಅವಳೇ. ಯಾಕೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರ ನಡುವೆ ಆ ವಿಷಯ ಒಂದೇ ಒಂದು ದಿನವೂ ಮಾತಿಗೆ ಬಂದಿರಲಿಲ್ಲ. ಅವಳು ಹೋದ ಮೇಲೆ ಅವನಿಗೆ ಫೋನು ಎಂದರೆ ಜ್ವರ ಬರುತ್ತಿತ್ತು.

ಬಸ್ಸು ಊರು ಬಿಟ್ಟ ಮೇಲೆ ಗುಬ್ಬಿ ತಾಯಿಯ ತೊಡೆಯಿಂದ ಇಳಿದು ಕಿಟಕಿಯ ಸರಳು ಹಿಡಿದು ನಿಂತಳು. ಗುಬ್ಬಿ ಮಗಳ ಮಗಳು. ಈ ವರ್ಷ ಶಾಲೆಗೆ ಸೇರಿದ್ದಾಳೆ. ಗುಬ್ಬಿ ಎಂದು ಕರೆಯುವವನು ತಾತ ಒಬ್ಬನೇ. ಉಳಿದವರೆಲ್ಲರ ಬಾಯಲ್ಲಿ ಅವಳಿಗೆ ಒಂದು ಹೆಸರಿದೆ, ಅದೂ ಕಕಾರದ್ದೇ. ಮಗಳು ಆ ಹೆಸರನ್ನು ಇಟ್ಟದ್ದು ಅತ್ತೆಯ ನೆನಪಿಗೆ. ಆ ಬೀಗಿತ್ತಿಯ ವಿಷಯ ನೆನೆದರೆ ಪಂಡಿತನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಮದುವೆಯ ದಿನ ನೆಂಟರಿಷ್ಟರ ಎದುರು "ಇವರು ನಮ್ಮ ಬೀಗಿತ್ತಿ, ಇವರ ಹೆಸರು" ಎಂದು ಶುರುಮಾಡಿ, ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದ. ಆ ದಿನ ಹೆಂಡತಿ ಅಡುಗೆಯವರ ಹತ್ತಿರ ಹೋಗಿದ್ದಳು. ಆ ಹೆಂಗಸು ಕಾದಳು, ಅವನ ಬಾಯಿ ನೋಡಿದಳು, ಮುಖ ಕಂದಿಸಿಕೊಂಡು ತನ್ನ ಹೆಸರನ್ನು ತಾನೇ ಹೇಳಿಕೊಂಡಳು. "ನೆನಪಿಟ್ಟುಕೊಳ್ಳೋವಷ್ಟು ದೊಡ್ಡವರಲ್ಲ ಬಿಡಿ ನಾವು," ಎಂದಳು. ಆಮೇಲೆ ಅವಳು ಪಂಡಿತನ ಮನೆಯ ಹೊಸಿಲು ತುಳಿಯಲಿಲ್ಲ, ಕೆಲವು ವರ್ಷಕ್ಕೆ ತೀರಿಯೂಹೋದಳು. ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನಬೆಳಗಾದರೆ ಮನುಷ್ಯರ ಒಳಗನ್ನು ದೀಪದ ಎದುರು ಹಿಡಿದು ನೋಡುವವಳಿಗೆ ಅಪ್ಪನ ಗಂಟಲಲ್ಲಿ ಇರುವುದು ಮಾತ್ರ ಕಂಡಿರಲಿಲ್ಲ. ಕಾಣದಂತೆ ಅವನೇ ಅಷ್ಟು ಜೋಪಾನವಾಗಿ ಬಾಳಿದ್ದ.

"ಅಪ್ಪ," ಎಂದಳು ಮಗಳು, ಮಗುವಿಗೆ ಕೇಳಿಸದಂತೆ ಹತ್ತಿರ ಬಾಗಿ. "ಮೊನ್ನೆ ಇವಳು ಏನು ಕೇಳಿದಳು ಗೊತ್ತಾ? ಅಮ್ಮಾ, ತಾತನಿಗೆ ನನ್ನ ಹೆಸರು ಗೊತ್ತಿಲ್ವಾ ಅಂತ." ಪಂಡಿತ ಹೊರಗೆ ನೋಡಿದ. ಹೊರಗೆ ವಿಶೇಷವೇನೂ ಇರಲಿಲ್ಲ, ಒಂದು ಇಟ್ಟಿಗೆ ಗೂಡು, ಒಣಹಾಕಿದ ಬಟ್ಟೆ. "ಅಷ್ಟು ಮುದ್ದು ಮಾಡ್ತೀರ. ಅಂಗಡೀಲಿ ಮೇಜಿನ ಮೇಲೆ ಕೂರಿಸಿಕೊಂಡು ಗಾಜು ಉಜ್ಜೋದು ತೋರಿಸ್ತೀರ. ಒಂದೇ ಒಂದ್ಸಲ ಹೆಸರು ಹಿಡಿದು ಕರೆದಿಲ್ಲ. ನಮ್ಮತ್ತೆ ಸತ್ತು ಎಷ್ಟು ಕಾಲವಾಯ್ತು? ಸತ್ತವರ ಮೇಲೂ ಹಠವಾ ಅಪ್ಪ?" ಹಠ ಅಲ್ಲಮ್ಮ, ಎಂದ ಪಂಡಿತ. "ಮತ್ತೇನು?" ಅದಕ್ಕೆ ಉತ್ತರವಾಗಿ ಹೇಳಬೇಕಾದ ಮಾತು ಎಷ್ಟೋ ವರ್ಷದಿಂದ ಅವನ ಬಾಯಲ್ಲೇ ಸಿದ್ಧವಾಗಿತ್ತು, ಅದರಲ್ಲಿ ಕಕಾರವೂ ಇರಲಿಲ್ಲ. ನನಗೆ ಮಾತು ಉಗ್ಗುತ್ತೆ ಎಂದರೆ ಆಯಿತು. ಅಷ್ಟೇ ಮಾತು. ಹೇಳಿದರೆ ಇಷ್ಟು ವರ್ಷ ಬಚ್ಚಿಟ್ಟದ್ದನ್ನೂ ಹೇಳಬೇಕು. ಶುದ್ಧ ಮಾತಿನ ಪಂಡಿತನನ್ನು ಪೀಠದಿಂದ ಇಳಿಸಿ, ಮಗಳ ಎದುರು ಅರವತ್ತರ ವಯಸ್ಸಿನಲ್ಲಿ ಶಾಲೆಯ ಹುಡುಗನಾಗಿ ನಿಲ್ಲಬೇಕು. "ಮುಂದಿನ ರಜೆಗೆ ಅವಳನ್ನ ನಿಮ್ಮ ಹತ್ತಿರ ಬಿಡೋಕೆ ನನಗೆ ಮನಸ್ಸು ಬರ್ತಿಲ್ಲ," ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಎಕ್ಸ್‌ರೇ ನೋಡಿ ಮುರಿದಿದೆ ಎಂದು ಹೇಳುವವರ ಹಾಗೆ ಇತ್ತು. ಅದು ಸಿಟ್ಟಿಗಿಂತ ಕೆಟ್ಟದು ಎಂದು ಅವನಿಗೆ ಅನ್ನಿಸಿತು.

ಅಂಗಿಯ ಜೇಬಿನಲ್ಲಿ, ಟಿಕೆಟ್ಟುಗಳ ಜೊತೆ, ಅವನು ನಾಲ್ಕು ಮಡಿಕೆ ಮಾಡಿಟ್ಟುಕೊಂಡ ಒಂದು ಚೀಟಿಯಿತ್ತು. ಮುತ್ತಾತನ ಊರಿನ ಪ್ರಾರ್ಥನಾ ಮಂದಿರದಲ್ಲಿ ಮುತ್ತಾತನ ನೆನಪಿಗೆ ಒಂದು ಕಲ್ಲು ನಿಲ್ಲಿಸುತ್ತಾರಂತೆ, ಅದರ ಮೇಲೆ ಕೆತ್ತಲು ಮನೆಯವರು ಒಂದು ಸಾಲು ಕೊಡಬೇಕಂತೆ. ಆ ಒಂದು ಸಾಲಿನ ನೆಪದಲ್ಲಿ ಪಂಡಿತ ಒಂದೂವರೆ ವರ್ಷ ಮನೆತನದ ಬೇರು ಕೆದಕಿದ್ದ. ಅಳಿದುಳಿದ ನೆಂಟರ ಮನೆಗೆ ಕನ್ನಡಕ ರಿಪೇರಿಯ ನೆಪ ಮಾಡಿಕೊಂಡು ಹೋಗಿ, ಹಳೆಯ ಫೋಟೋಗಳ ಧೂಳು ಒರೆಸಿ, ಸಿಕ್ಕಿದ್ದನ್ನೆಲ್ಲ ಕೇಳಿಸಿಕೊಂಡು ಬಂದಿದ್ದ. ಸಿಕ್ಕಿದ್ದೆಲ್ಲ ಒಂದೇ ಕಥೆ. ಹಳ್ಳಿಹಳ್ಳಿ ತಿರುಗಿ ದೇವರ ಮಾತು ಹೇಳುತ್ತಿದ್ದ ಮುತ್ತಾತನಿಗೆ ಕಾಗೆ ಉಪದೇಶಿ ಎಂದು ಹೆಸರು. ಅವರು ಬಾಯಿಬಿಟ್ಟರೆ ಕಾಗೆಗಳು ಬಂದು ಸೂರಿನ ಮೇಲೆ ಸಾಲಾಗಿ ಕೂತು ತೆಪ್ಪಗೆ ಕೇಳುತ್ತಿದ್ದವಂತೆ. ಅಪ್ಪನೂ ಹಾಗೇ ಹೇಳುತ್ತಿದ್ದ. ಅಪ್ಪ ಗೋಡೆಗೆ ಬೆನ್ನು ಕೊಟ್ಟು, ಎದುರಿನ ಫೋಟೋದಲ್ಲಿ ಮಬ್ಬಾಗಿ ನಿಂತ ಗಡ್ಡದವರನ್ನು ತೋರಿಸಿ, "ನಮ್ಮದು ಉಪದೇಶಿಗಳ ಮನೆತನ. ನಮ್ಮ ಮಾತು ಬೀದಿ ಮಾತಲ್ಲ. ಒಡೆಯನ ಸೇವೆ ಮಾಡಿದ ನಾಲಗೆಯಿಂದ ಬಂದದ್ದು" ಎನ್ನುತ್ತಿದ್ದ. ದೇವರನ್ನು ಉಳಿದ ಕ್ರೈಸ್ತರೆಲ್ಲ ಕರ್ತ ಎಂದರೆ ಅವರ ಮನೆಯಲ್ಲಿ ಮಾತ್ರ ಒಡೆಯ. ಕತ್ತಲೆಗೆ ಇರುಳು, ಕಿಟಕಿಗೆ ಗವಾಕ್ಷಿ, ಕೊಡೆಗೆ ಛತ್ರಿ, ಕಾಫಿಗೆ ಬಿಸಿ. "ಇರುಳಾಯ್ತು, ಗವಾಕ್ಷಿ ಹಾಕು, ಒಂದು ಲೋಟ ಬಿಸಿ ತಾ" ಎಂದು ಅಪ್ಪ ಹೇಳಿದರೆ ಅಕ್ಕಪಕ್ಕದ ಮನೆಯ ಮಕ್ಕಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಪಂಡಿತನಿಗೆ ಉಗ್ಗು ಶುರುವಾದಾಗ ಅಡಗಿಕೊಳ್ಳಲು ಬೇಕಾದ ಸಂದುಗೊಂದುಗಳೆಲ್ಲ ಮನೆಯ ಮಾತಿನಲ್ಲೇ ಸಿಕ್ಕಿದ್ದವು, ಅದು ತನ್ನ ಪುಣ್ಯ ಎಂದೇ ಅವನು ಇಷ್ಟು ದಿನವೂ ತಿಳಿದಿದ್ದ. ಕಾಗೆಗಳೂ ಕಿವಿಗೊಟ್ಟ ಉಪದೇಶಿ, ಎಂದು ಚೀಟಿಯಲ್ಲಿ ಬರೆದಿದ್ದ. ಚೆನ್ನಾದ ಸಾಲು. ಯಾರಾದರೂ ಓದಿ ಹೇಳಿ ಎಂದರೆ ಮಾತ್ರ ಮೊದಲ ಪದದಲ್ಲೇ ಅವನ ಗತಿ ಮುಗಿಯುತ್ತಿತ್ತು.

ಕಲ್ಲಿನ ವಿಷಯ ಮಾತಾಡಲು ಅವರು ಹೋದದ್ದು ಆ ಊರಲ್ಲಿದ್ದ ಒಬ್ಬ ಅತ್ತೆಯ ಮನೆಗೆ. ಮುತ್ತಾತನ ಮಗಳ ಮಗಳು, ಅಪ್ಪನಿಗಿಂತ ದೊಡ್ಡವಳು, ಊರಿಗೆಲ್ಲ ಅತ್ತೆ, ತೊಂಬತ್ತರ ಆಸುಪಾಸು. ಪಂಡಿತ ಅವಳನ್ನು ನೋಡುತ್ತಿರುವುದು ಇದೇ ಮೊದಲು. ತಾತ ಊರು ಬಿಟ್ಟು ಹೋದವನು ತಿರುಗಿ ಈ ಕಡೆ ತಲೆ ಹಾಕಿರಲಿಲ್ಲ, ಅಪ್ಪನನ್ನೂ ಕಳಿಸಿರಲಿಲ್ಲ. ರಸ್ತೆಗೆ ತೆರೆದುಕೊಂಡ ಜಗಲಿ, ಒಳಗೆ ಒಂದು ಮಂಚ, ಒಂದು ಮೇಜು, ಗೋಡೆಯಲ್ಲಿ ಅದೇ ಗಡ್ಡದ ಫೋಟೋ, ಆದರೆ ಇಲ್ಲಿ ಅದಕ್ಕೆ ಗಾಜಿರಲಿಲ್ಲ. ಅತ್ತೆ ಅವನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಳಕಿನ ಕಡೆ ತಿರುಗಿಸಿ, "ಮೂಗು ನಮ್ಮದೇ" ಎಂದು ತೀರ್ಪು ಕೊಟ್ಟು, ತನ್ನ ಕನ್ನಡಕ ತೆಗೆದು ಅವನ ಕೈಗೆ ಹಾಕಿದಳು. ಅದರ ಒಂದು ಕಡ್ಡಿಗೆ ತಿರುಪು ಸಡಿಲವಾಗಿ, ಯಾರೋ ದಾರ ಸುತ್ತಿದ್ದರು. "ಇಷ್ಟು ದಿನ ಬರದೇ ಇದ್ದದ್ದಕ್ಕೆ ಇದನ್ನ ಸರಿಮಾಡು, ಆಮೇಲೆ ಮಾತು," ಎಂದಳು. ಪಂಡಿತನಿಗೆ ಎಷ್ಟೋ ಸಮಾಧಾನವಾಯಿತು. ಜೇಬಿನಿಂದ ಸ್ಕ್ರೂಡ್ರೈವರು ತೆಗೆದು, ಜಗಲಿಯ ಬೆಳಕಿಗೆ ಬಂದು ಕೂತು, ದಾರ ಬಿಚ್ಚಿದ. ಮಗಳು ಮೆಟ್ಟಿಲ ಮೇಲೆ ಕೂತು ಗುಬ್ಬಿಯ ಜಡೆ ಬಿಚ್ಚಿ ಹೆಣೆಯತೊಡಗಿದಳು. ಅತ್ತೆ ಕಂಬಕ್ಕೆ ಒರಗಿ ಕಾಲು ಚಾಚಿದಳು.

"ಅವರು ಬಾಯಿಬಿಟ್ಟರೆ ಆ ಹಕ್ಕಿಗಳು ಬಂದು ಆಲಿಸ್ತಿದ್ವಂತಲ್ಲ ಅತ್ತೆ?" ಎಂದ ಪಂಡಿತ, ತಿರುಪಿನ ಮೇಲೆ ಕಣ್ಣಿಟ್ಟು. "ಯಾವ ಹಕ್ಕಿ?" "ಅದೇ. ಮಸಿ ಬಣ್ಣದ್ದು." "ಮಸಿ ಬಣ್ಣದ ಹಕ್ಕಿ ಯಾವುದಪ್ಪ?" ಎಂದು ಅತ್ತೆ ನಿಜವಾಗಿಯೂ ಯೋಚಿಸಿದಳು. "ಮನೆ ಸುತ್ತ ಇರುತ್ತಲ್ಲ, ಎಂಜಲು ತಿನ್ನೋದು." ಕಾಗೆ, ಎಂದಳು ಗುಬ್ಬಿ, ಒಗಟು ಒಡೆದವಳ ಹೆಮ್ಮೆಯಲ್ಲಿ. ಅತ್ತೆ ತೊಡೆ ತಟ್ಟಿಕೊಂಡು ನಗತೊಡಗಿದಳು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕಣ್ಣೊರೆಸಿಕೊಂಡು, "ಯಾರು ಹೇಳಿದ್ದು ಈ ಕಥೆ? ನಿಮ್ಮ ತಾತನಾ?" ಎಂದಳು. "ಕಾಗೆ ಬರೋದು, ಕೂರೋದು ಏನೂ ಇಲ್ಲ ಮಗ. ಕಾಗೆ ಅವರೇ. ನಾನು ಕಿವಿಯಾರ ಕೇಳಿದೀನಿ. ಎದ್ದು ನಿಲ್ಲೋರು, ಕೈ ಮೇಲೆತ್ತೋರು, ಕರ್ತನು ಅನ್ನಬೇಕು. ಬರಬೇಕಲ್ಲ? ಕ... ಕ... ಕ... ಕ... ಅಲ್ಲೇ ನಿಂತುಬಿಡೋದು. ಹೊಸಬರು ಯಾರಾದ್ರೂ ಬಂದಿದ್ರೆ ಸೂರಿನ ಮೇಲೆ ಕಾಗೆ ಕೂತಿದೆಯೇನೋ ಅಂತ ಮೇಲೆ ನೋಡೋರು."

ತಿರುಪು ಪಂಡಿತನ ಬೆರಳಿನಿಂದ ಜಾರಿ ಬಿತ್ತು. ಎಳ್ಳಿಗಿಂತ ಚಿಕ್ಕದು, ಜಗಲಿಯ ಕಲ್ಲಿನ ಸಂದಿಯಲ್ಲಿ ಎಲ್ಲೋ ಹೋಯಿತು. ಗುಬ್ಬಿ ಅರ್ಧ ಹೆಣೆದ ಜಡೆ ಬಿಡಿಸಿಕೊಂಡು ಬಂದು, ನೆಲಕ್ಕೆ ಕೆನ್ನೆ ಇಟ್ಟು ಹುಡುಕಿದಳು. ಅಂಗಡಿಯಲ್ಲಿ ಬಿದ್ದ ತಿರುಪು ಹುಡುಕುವುದನ್ನು ಅವನೇ ಅವಳಿಗೆ ಕಲಿಸಿದ್ದ. ಮಗಳು ನಗುತ್ತಿದ್ದಳು. ಅತ್ತೆ ಮಾಡಿ ತೋರಿಸಿದ ರೀತಿಗೆ ಯಾರಿಗಾದರೂ ನಗು ಬರುವಂತೆಯೇ ಇತ್ತು, ಆದರೂ ಆ ನಗು ಅವನ ಬೆನ್ನಿಗೆ ಬಂದು ತಾಗಿತು. ಅವನಿಗೆ ಏಳನೇ ತರಗತಿಯ ಬೆಂಚು ನೆನಪಾಯಿತು, ಬೆಂಚಿನ ಮೇಲೆ ನಿಂತವನು ತಾನು, ಮೇಷ್ಟರ ಕೈಯಲ್ಲಿ ಪುಸ್ತಕ, ಕಿಟಕಿಯಾಚೆ ಬಿಸಿಲು, ಒಂದು ಪದಕ್ಕಾಗಿ ಇಡೀ ತರಗತಿ ನಗಲು ಉಸಿರು ಹಿಡಿದು ಕಾಯುತ್ತಿದ್ದದ್ದು. ಆ ದಿನ ಮನೆಗೆ ಬಂದು ಅವನು ಅಪ್ಪನಿಗೆ ಏನೂ ಹೇಳಿರಲಿಲ್ಲ. ಅಪ್ಪನೂ ಅವನ ಮುಖ ನೋಡಿ ಏನನ್ನೂ ಕೇಳದೆ, ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಸುಮ್ಮನೆ ತಲೆಗೆ ಎಣ್ಣೆ ತಟ್ಟಿದ್ದ. "ಜನ ನಗ್ತಿರಲಿಲ್ವಾ?" ಎಂದು ಕೇಳಿದ. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು.

"ನಗದೆ ಏನು? ಮೊದಮೊದಲು ಬಿದ್ದುಬಿದ್ದು ನಕ್ಕರಂತೆ. ಎಷ್ಟು ದಿನ ಅಂತ ನಗ್ತಾರೆ? ಹಳ್ಳಿ ಜನಕ್ಕೆ ಬೇರೆ ಕೆಲಸ ಇಲ್ವಾ?" ಎಂದಳು ಅತ್ತೆ. "ಆಮೇಲೆ ರೂಢಿಯಾಗಿ ಹೋಯ್ತು. ಕರ್ತ ಬರೋವರೆಗೆ ಹೆಂಗಸರು ಮಗೂನ ಆ ತೊಡೆಯಿಂದ ಈ ತೊಡೆಗೆ ಹಾಕ್ಕೊಳ್ಳೋರು. ಗಂಡಸರು ಕೆಮ್ಮೋದು ಗಿಮ್ಮೋದು ಮುಗಿಸ್ಕೊಳ್ಳೋರು. ನಮ್ಮಮ್ಮ ಅವರ ಸ್ವಂತ ಮಗಳು, ಅವಳಂತೂ ಎದ್ದು ಹೋಗಿ ಹಸು ಕಟ್ಟಿ ಬರೋಳು. ಬಂದು ಕೂತ್ಕೊಂಡ ಮೇಲೆ ಬರ್ತಿತ್ತು ನೋಡು ಆ ಮಾತು, ಕರ್ತನು ಅಂತ. ಇಡೀ ಮಂದಿರ ಉಸಿರು ಬಿಡೋದು. ನಾನೂ ದೊಡ್ಡೋಳಾದ ಮೇಲೆ ಬೇರೆ ಬೇರೆ ಊರಲ್ಲಿ ಎಂತೆಂಥವರ ಉಪದೇಶ ಕೇಳಿದೆ. ಗಡಗಡ ಅಂತ ಹೇಳ್ತಾರೆ. ದೇವರು ಇಷ್ಟು ಸುಲಭವಾಗಿ ಬಂದುಬಿಡ್ತಾನಾ ಅನ್ಸೋದು ನನಗೆ."

"ಒಡೆಯ ಅನ್ನಬಹುದಿತ್ತು," ಎಂದ ಪಂಡಿತ. ಅದು ಬಾಯಿಂದ ಹೊರಬಿದ್ದ ಮೇಲೆ, ಯಾಕೆ ಹೇಳಿದೆನೋ ಎನ್ನಿಸಿತು.

"ಒಡೆಯನಾ? ಅದನ್ನೇ ಹೇಳಿದ್ರಂತೆ, ಮೇಲಿನ ದೊಡ್ಡ ಗುರುಗಳೊಬ್ಬರು ಬಂದವರು. ಯಾಕಯ್ಯ ಒದ್ದಾಡ್ತೀಯ, ಒಡೆಯ ಅನ್ನು, ಸ್ವಾಮಿ ಅನ್ನು, ದಾಟಿಕೊಂಡು ಹೋಗು ಅಂತ. ಅದಕ್ಕೆ ಇವರು ಏನಂದ್ರಂತೆ ಗೊತ್ತಾ? ಕರೆಯೋಕೆ ಕಷ್ಟ ಅಂತ ಕರೆಯೋ ಹೆಸರನ್ನೇ ಬಿಟ್ಟುಬಿಡ್ತಾರಾ ಅಂದ್ರಂತೆ." ಅತ್ತೆಗೆ ಮತ್ತೆ ನಗು ಬಂತು. "ಅಷ್ಟು ಹೇಳೋಷ್ಟರಲ್ಲಿ ಗುರುಗಳ ಊಟ ಆರಿಹೋಯ್ತಂತೆ. ಎಲ್ಲಾ ಕಕಾರವೇ ನೋಡು, ಕರೆಯೋದು, ಕಷ್ಟ. ದಾಟೋ ದಾರಿ ಹುಡುಕಿದ್ದು ಇವರಲ್ಲಪ್ಪ, ಇವರ ಮಗ. ನಿಮ್ಮ ತಾತ. ಅವನಿಗೂ ಇತ್ತು. ಹುಡುಗರು ಕಾಗೆ ಮರಿ ಕಾಗೆ ಮರಿ ಅಂತ ಅಟ್ಟಿಸಿಕೊಂಡು ಹೋಗೋರು. ಪಾಪ, ಮೃದು ಜೀವ. ಅಪ್ಪನ ಎದೆ ಅವನಿಗಿರಲಿಲ್ಲ. ಊರೇ ಬಿಟ್ಟು ಹೋದ. ಹೋಗೋ ಮುಂಚೇನೇ ಕುರ್ಚಿಗೆ ಅದೇನೋ ಅಂತಿದ್ದ."

"ಪೀಠ," ಎಂದಳು ಮೆಟ್ಟಿಲ ಮೇಲಿಂದ ಮಗಳು. ಅವಳ ನಗು ನಿಂತಿತ್ತು. ಬಾಚಣಿಗೆ ಕೈಯಲ್ಲೇ ಇತ್ತು.

ಪಂಡಿತ ತಲೆ ಎತ್ತಲಿಲ್ಲ. ತಾತ, ಆಮೇಲೆ ಅಪ್ಪ. ಗೋಡೆಗೆ ಬೆನ್ನು ಕೊಟ್ಟು ಕೂತ ಅಪ್ಪ, ಗವಾಕ್ಷಿ ಹಾಕು ಎನ್ನುತ್ತಿದ್ದ ಅಪ್ಪ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಯಾವಾಗಲೂ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ ಅಪ್ಪ. ಗಾಂಭೀರ್ಯ ಎಂದುಕೊಂಡಿದ್ದ ಅವನು ಅದನ್ನು. ಕಣ್ಣು ಮುಚ್ಚಿದಾಗ ಅಪ್ಪ ಒಳಗೆ ಓಡಾಡಿ ಬೇರೆ ದಾರಿ ಹುಡುಕುತ್ತಿದ್ದ. ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ, ಅಪ್ಪನೂ ಮಗನೂ ಎದುರುಬದುರು ಕೂತು ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಕಳ್ಳದಾರಿಯಲ್ಲಿ ತಿರುಗಾಡಿದ್ದರಲ್ಲ ಎಂದು ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಗೊತ್ತಾಗದಂತೆ ಏನು, ಅಪ್ಪನಿಗೆ ಗೊತ್ತಿತ್ತು. ಆ ದಿನ ತಲೆಗೆ ಎಣ್ಣೆ ತಟ್ಟಿದ್ದು ಮತ್ತೆ ಯಾತಕ್ಕೆ? ಗೊತ್ತಿದ್ದೂ ಹೇಳಲಿಲ್ಲ, ಹೇಳುವುದು ಹೇಗೆಂದು ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಇದ್ದಕ್ಕಿದ್ದ ಹಾಗೆ ಅಪ್ಪನ ಮೇಲೆ ಅವನಿಗೆ ಬಹಳ ಪ್ರೀತಿ ಬಂತು, ಆ ತಾತನ ಮೇಲೂ, ಅಟ್ಟಿಸಿಕೊಂಡು ಹೋದವರಿಂದ ಓಡಿ ಓಡಿ ಒಂದು ಹೊಸ ಭಾಷೆಯನ್ನೇ ಕಟ್ಟಿಕೊಂಡ ಆ ಮೃದು ಜೀವದ ಮೇಲೆ.

ಗುಬ್ಬಿಗೆ ತಿರುಪು ಸಿಕ್ಕಿತು. ಒದ್ದೆ ಮಾಡಿದ ಬೆರಳ ತುದಿಯಲ್ಲಿ ಅಂಟಿಸಿಕೊಂಡು ತಂದು ಕೊಟ್ಟಳು. ತೂತು ಸವೆದಿತ್ತು, ತಿರುಪು ಹಿಡಿಯಲಿಲ್ಲ. ಸಂದಿಗೆ ಕೊಡಲು ಏನಾದರೂ ತೆಳ್ಳನೆಯದು ಬೇಕಿತ್ತು. ಪಂಡಿತ ಜೇಬಿನಿಂದ ಚೀಟಿ ತೆಗೆದು, ಅದರ ಒಂದು ಅಂಚನ್ನು ಹರಿದು, ಹೊಸೆದು ತೂತಿಗೆ ತುರುಕಿ, ತಿರುಪು ಬಿಗಿದ. ಬಿಗಿಯಾಗಿ ಕೂತಿತು. ಉಳಿದ ಚೀಟಿಯಲ್ಲಿ ಕಿವಿಗೊಟ್ಟ ಉಪದೇಶಿ ಎಂದಷ್ಟೇ ಇತ್ತು, ಕಾಗೆಗಳು ಅತ್ತೆಯ ಕನ್ನಡಕದೊಳಗೆ ಹೋಗಿದ್ದವು. "ಸದ್ಯಕ್ಕೆ ಇಷ್ಟು. ಹೊಸ ತಿರುಪು ಅಂಚೇಲಿ ಹಾಕ್ತೀನಿ," ಎಂದ. ಅತ್ತೆ ಕನ್ನಡಕ ಏರಿಸಿಕೊಂಡು, ರಸ್ತೆಯನ್ನೂ ಅವನನ್ನೂ ಮಗುವನ್ನೂ ಸರದಿಯಾಗಿ ನೋಡಿ, "ಕಲ್ಲಿಗೆ ಏನು ಬರೆಸ್ತೀಯ?" ಎಂದಳು. ನೀವೇ ಹೇಳಿ ಅತ್ತೆ, ಎಂದ. "ಕಾಗೆ ಉಪದೇಶಿ ಅಂತಲೇ ಹಾಕ್ಸು. ಅವರಿಗೇನು ಬೇಜಾರಿರಲಿಲ್ಲ ಆ ಹೆಸರಿಗೆ. ಹ್ಞೂಂ, ಏನ್ ಕಾಗೆ, ಏನು ಸಮಾಚಾರ ಅಂದ್ರೆ ನಗೋರು."

ಆಮೇಲೆ ಅತ್ತೆ ಗುಬ್ಬಿಯನ್ನು ಹತ್ತಿರ ಕೂರಿಸಿಕೊಂಡು, ಶಾಲೆಗೆ ಹೋಗ್ತೀಯಂತಲ್ಲ, ಕಾಗುಣಿತ ಬರುತ್ತಾ ಎಂದು ಕೇಳಿದಳು. ಗುಬ್ಬಿ ಕ ಕಾ ಕಿ ಕೀ ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. "ಇದೇನು ಕಾಗುಣಿತ, ರಾಗವೇ ಇಲ್ಲ," ಎಂದಳು ಅತ್ತೆ. "ನಮಗೆ ಉಪದೇಶಿ ತಾತ ಹೇಳಿಕೊಟ್ಟಿದ್ದು ಹೀಗೆ." ಕೈ ತಟ್ಟಿಕೊಂಡು ಹೇಳತೊಡಗಿದಳು: ಕ ಕ ಕ ಕಾ, ಕ ಕ ಕ ಕಿ, ಕ ಕ ಕ ಕೀ. ಮಂದಿರದ ಜಗಲಿಯಲ್ಲಿ ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವರು ಅವರೇ. ಅವರು ತಡೆದ ಕಡೆ ಮಕ್ಕಳೂ ತಡೆದರು, ಅವರು ಎಷ್ಟು ಸಲ ಕ ಎಂದರೆ ಮಕ್ಕಳೂ ಅಷ್ಟು ಸಲ ಎಂದರು. ಕಾಗುಣಿತ ಎಂದರೆ ಹಾಗೇ ಇರುತ್ತದೆ ಎಂದು ಇಡೀ ಊರು ಒಂದು ತಲೆಮಾರು ನಂಬಿತ್ತಂತೆ. ಪಟ್ಟಣದಿಂದ ಇನ್ಸ್‌ಪೆಕ್ಟರು ಬಂದು ಕೇಳಿ ದಂಗಾಗಿ, ಇದೇನಿದು ಇಡೀ ಊರಿಗೇ ಉಗ್ಗು ಎಂದಿದ್ದರಂತೆ. "ನನ್ನ ಮದುವೆಯಾದ ಮೇಲೆ ಗೊತ್ತಾಯ್ತು ನನಗೆ, ಬೇರೆಯೋರು ಒಂದೇ ಸಲ ಅಂತಾರೆ ಅಂತ. ನಮ್ಮವರು ಎಷ್ಟು ನಕ್ಕರು. ಆದ್ರೂ ನಾನು ಬಿಡಲಿಲ್ಲ, ಒಂದೇ ಸಲ ಅಂದ್ರೆ ಕಲಿತ ಹಾಗೇ ಅನ್ಸಲ್ಲ." ಗುಬ್ಬಿಗೆ ಇದು ಬಹಳ ಹಿಡಿಸಿತು. ಕ ಕ ಕ ಕು, ಕ ಕ ಕ ಕೂ ಎಂದು ಕುಣಿಯುತ್ತ, ಒಲೆಯ ಹತ್ತಿರದಿಂದ ಒಂದು ಇದ್ದಿಲ ಚೂರು ಹುಡುಕಿ ತೆಗೆದುಕೊಂಡು, ಅಂಗಳದ ಆಚೆ ತುದಿಯ ಗೋಡೆಗೆ ಬರೆಯಲು ಹೋದಳು.

ಊಟವಾಯಿತು. ಬಿಸಿಲು ಜಗಲಿಯಿಂದ ಇಳಿಯಿತು. ಬಸ್ಸು ಊರ ಮುಂದೆ ಬಂದು ನಿಲ್ಲುವ ಹೊತ್ತಾಗುತ್ತಿತ್ತು. ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಗುಬ್ಬಿ ಗೋಡೆಯ ಹತ್ತಿರ ಬೆನ್ನು ಹಾಕಿಕೊಂಡು ನಿಂತು, ಮೈಯೆಲ್ಲ ಮಸಿ ಮಾಡಿಕೊಂಡು, ಸಾಲಾಗಿ ಕ ಬರೆಯುತ್ತಿದ್ದಳು. "ಹೊರಡೋಣ ಅಪ್ಪ," ಎಂದಳು ಮಗಳು. ಚೀಲದ ಪಟ್ಟಿ ಸರಿಮಾಡಿಕೊಂಡು, "ಗುಬ್ಬಿ ಅಂತಲೇ ಕೂಗಿಬಿಡಿ, ಬರ್ತಾಳೆ" ಎಂದಳು. ಸೋತು ಬಿಟ್ಟುಕೊಡುವವರ ದನಿ ಅದು, ಅದರಲ್ಲಿ ಪ್ರೀತಿಯೂ ಇತ್ತು. ಪಂಡಿತ ಬಾಯಿ ತೆರೆದ. ಗಕಾರ ಯಾವತ್ತೂ ಅವನನ್ನು ಸತಾಯಿಸಿರಲಿಲ್ಲ, ಕಕಾರದ ಮನೆಯ ಗೋಡೆಗೆ ಅಂಟಿಕೊಂಡೇ ಇದ್ದರೂ ಅದು ಒಳ್ಳೆಯ ನೆರೆಯವನ ಹಾಗೆ ಕರೆದಾಗ ಬರುತ್ತಿತ್ತು. ಗುಬ್ಬಿ ಎಂದು ಬಿಟ್ಟರೆ ಮುಗಿಯಿತು, ಬಸ್ಸು ಸಿಗುತ್ತದೆ, ಊರು ಸಿಗುತ್ತದೆ, ಪೀಠ ಸಿಗುತ್ತದೆ. ಕರೆಯೋಕೆ ಕಷ್ಟ ಅಂತ ಕರೆಯೋ ಹೆಸರನ್ನೇ ಬಿಟ್ಟುಬಿಡ್ತಾರಾ? ಅವನು ಬಾಯಿ ಮುಚ್ಚಿಕೊಂಡ. ಜಗಲಿಯ ಕಂಬ ಹಿಡಿದುಕೊಂಡು, ಮತ್ತೆ ತೆರೆದ.

"ಕ..." ಎಂದ. "ಕ... ಕ..."

ಅಗುಳಿ ಬಿತ್ತು. ಕುತ್ತಿಗೆಯ ನರ ಎದ್ದಿತು, ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು, ಗದ್ದ ನಡುಗಿತು. ಇಷ್ಟು ವರ್ಷ ಯಾರಿಗೂ ತೋರಿಸದ ಮುಖ ಅದು, ಕನ್ನಡಿಯಲ್ಲಿ ತಾನೂ ನೋಡಿರದ ಮುಖ. ಮಗಳು ತಿರುಗಿ ನೋಡಿದಳು. ಮೊದಲು ಗಾಬರಿಯಾಗಿ ಅವನ ಎದೆಯ ಕಡೆ ಕೈ ಚಾಚಿದಳು, ಆಸ್ಪತ್ರೆಯವಳಲ್ಲವೇ. ಆ ಕೈ ಅರ್ಧದಲ್ಲಿ ನಿಂತಿತು. ಬಸ್ಸು ತಿರುಗುವ ಜಾಗ, ಸುಲೋಚನ, ಪೀಠ, ಮದುವೆಯ ದಿನ ತೆರೆದುಕೊಂಡೇ ಇದ್ದ ಬಾಯಿ, ಎಲ್ಲವೂ ಅವಳ ಮುಖದಲ್ಲಿ ಒಂದಾದ ಮೇಲೊಂದು ಹಾದುಹೋದದ್ದು ಅವನಿಗೆ ಕಾಣಿಸಿತು. ಅವಳ ಕಣ್ಣು ತುಂಬಿತು. ತಾಯಿಯ ಮಗಳು, ಮುಂದೆ ಬಂದು ಆ ಹೆಸರನ್ನು ತಾನೇ ಹೇಳಿ ಅವನನ್ನು ಪಾರುಮಾಡಲು ಬಾಯಿ ತೆರೆದಳು. ಅತ್ತೆ ಕೂತಲ್ಲಿಂದಲೇ ಅವಳ ಕೈ ಹಿಡಿದು ಎಳೆದಳು. "ಸುಮ್ನಿರು," ಎಂದಳು. "ಬರುತ್ತೆ."

ಗೋಡೆಯ ಹತ್ತಿರ ಮಗು ಈ ಕಡೆ ತಿರುಗಿದ್ದಳು. ತಾತ ಕಾಗುಣಿತ ಹೇಳುತ್ತಿದ್ದಾನೆ ಎಂದುಕೊಂಡಳೋ ಏನೋ, ಇದ್ದಿಲು ಹಿಡಿದ ಕೈಯಲ್ಲಿ ತಾಳ ಹಾಕುತ್ತ, ಮುಂದಿನದು ಬರಲಿ ಎಂದು ಕಾಯುತ್ತ ನಿಂತಿದ್ದಳು. ಅವಳ ಮುಖದಲ್ಲಿ ನಗುವ ಆತುರವಿರಲಿಲ್ಲ. ಬಂದೇ ಬರುತ್ತದೆ ಎಂದು ಗೊತ್ತಿದ್ದವಳ ಹಾಗೆ ಕಾದಳು. ಕ, ಎಂದ ಪಂಡಿತ, ಕ, ಕ. ಆಮೇಲೆ ಬಂತು. ಅವಳ ಹೆಸರು, ಬೀಗಿತ್ತಿಯ ಹೆಸರು, ಒಡೆದು, ಒದ್ದೆಯಾಗಿ, ಆದರೆ ಪೂರ್ತಿಯಾಗಿ ಬಂತು, ಅಂಗಳ ದಾಟಿ ಆ ಗೋಡೆಯವರೆಗೂ ಹೋಯಿತು.

"ಏನ್ ತಾತ?" ಎಂದಳು ಮಗು, ಹೆಸರು ಹಿಡಿದು ಕರೆದರೆ ಯಾರಾದರೂ ಓಗೊಡುವ ಹಾಗೆ, ಸಹಜವಾಗಿ.

ಪಂಡಿತ ಅದನ್ನು ಯೋಚಿಸಿಯೇ ಇರಲಿಲ್ಲ. ಕರೆದದ್ದೇ ದೊಡ್ಡದಾಗಿ, ಕರೆದ ಮೇಲೆ ಏನು ಹೇಳುವುದೆಂದು ಹೊಳೆದಿರಲಿಲ್ಲ. "ಏನಿಲ್ಲ," ಎಂದ, ಕಣ್ಣೊರೆಸಿಕೊಳ್ಳುತ್ತ. ಸುಮ್ಮನೆ ಕರೆದೆ ಎಂದು ಹೇಳಬೇಕು. "ಸುಮ್ನೆ ಕ..." ಎಂದ. "ಕ... ಕ..."

"ಇದು ಬೇಗ ಮುಗಿಯೋ ಹಾಗೆ ಕಾಣಲ್ಲ," ಎಂದು ಅತ್ತೆ ಕಂಬ ಹಿಡಿದು ಎದ್ದಳು. "ನೀವು ಕೂತಿರಿ, ನಾನು ಹಸು ಕಟ್ಟಿ ಬರ್ತೀನಿ." ಮಗಳು ಚೀಲ ಕೆಳಗಿಟ್ಟು ಅವನ ಪಕ್ಕ ಜಗಲಿಯ ಮೇಲೆ ಕೂತಳು. ಮಗು ಅಂಗಳ ದಾಟಿ ಬಂದು ಮಸಿ ಕೈಯನ್ನು ಅವನ ಮೊಣಕಾಲ ಮೇಲೆ ಇಟ್ಟು ನಿಂತಳು. ಊರ ಮುಂದೆ ಬಸ್ಸಿನ ಹಾರನ್ನು ಕೇಳಿಸಿತು. ಯಾರೂ ಏಳಲಿಲ್ಲ.